ಬೆರಳಿಲ್ಲದೆ ಬಟನ್ ಒತ್ತಿಸೋದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಒಂದು ಹಳೇ ಆಂಡ್ರಾಯ್ಡ್ ಫೋನ್ ಸುಮ್ನೆ ಬಿದ್ದಿದೆ. ಕಂಪ್ಯೂಟರಿನಲ್ಲಿರುವ ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡುವ ಎಐ ಪ್ರೋಗ್ರಾಂ) ಕೈಲಿ ಅದರ ಹೋಮ್, ಬ್ಯಾಕ್, ಪವರ್ ಬಟನ್ ಒತ್ತಿಸಬಹುದಾ? ರೂಟ್ ಮಾಡಬೇಕಾ, ಅಂದರೆ ಫೋನಿನ ಒಳಗಿನ ಬೀಗ ಮುರಿದು ಪೂರ್ತಿ ಹಿಡಿತ ತಗೋಬೇಕಾ?

ಉತ್ತರ: ಒತ್ತಿಸಬಹುದು, ರೂಟ್ ಏನೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ಫೋನ್ ಅನುಮತಿ ಕೇಳಿದಾಗ ಒಪ್ಪಿಕೊಳ್ಳಿ. ಕಂಪ್ಯೂಟರಿನಲ್ಲಿ ಗೂಗಲ್ ಪುಕ್ಕಟೆ ಕೊಡುವ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕಳಿಸುವ ಪ್ರೋಗ್ರಾಂ) ಇರಬೇಕು, ಅಷ್ಟೇ.

ಆಂಡ್ರಾಯ್ಡ್ ಒಳಗೆ ಪ್ರತಿ ಬಟನ್ನಿಗೂ ಒಂದು ನಂಬರ್ ಇದೆ. ಹೋಮ್ 3, ಬ್ಯಾಕ್ 4, ವಾಲ್ಯೂಮ್ ಜಾಸ್ತಿ ಮಾಡಲು 24, ಕಡಿಮೆ ಮಾಡಲು 25, ಪವರ್ 26. ‘ಎಡಿಬಿ ಶೆಲ್ ಇನ್‌ಪುಟ್ ಕೀಇವೆಂಟ್ 4’ ಅಂತ ಕಂಪ್ಯೂಟರಿನ ಕಮಾಂಡ್ ವಿಂಡೋದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಕೊಟ್ಟರೆ ಫೋನ್ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಏಜೆಂಟ್ ಮಾಡುವುದೂ ಇದನ್ನೇ.

ಎಲ್ಲರೂ ಎಡವುವುದು 26ರಲ್ಲಿ. ಪವರ್ ಬಟನ್ ಪರದೆ ಆರಿದ್ದರೆ ಹೊತ್ತಿಸುತ್ತದೆ, ಹೊತ್ತಿದ್ದರೆ ಆರಿಸುತ್ತದೆ. ಏಜೆಂಟ್ ‘ಮೊದಲು ಫೋನ್ ಎಬ್ಬಿಸೋಣ’ ಅಂತ 26 ಕಳಿಸುತ್ತದೆ, ಆದರೆ ಪರದೆ ಆಗಲೇ ಆನ್ ಇರುತ್ತದೆ, ಈಗ ಆರಿಹೋಯಿತು, ಆಮೇಲೆ ಕತ್ತಲೆ ಪರದೆಯ ಮೇಲೆ ಟ್ಯಾಪ್ ಮೇಲೆ ಟ್ಯಾಪ್ ಮಾಡುತ್ತಾ ಕೂರುತ್ತದೆ. ಎಬ್ಬಿಸಲು 224, ಮಲಗಿಸಲು 223 ಬಳಸಿ. ಎಷ್ಟು ಸಲ ಕಳಿಸಿದರೂ ಉಲ್ಟಾ ಆಗುವುದಿಲ್ಲ.

ಇನ್ನೊಂದು ಮಾತು. ಇಡೀ ಶೆಲ್ ಅನ್ನೇ, ಅಂದರೆ ಫೋನಿಗೆ ಬೇಕಾದ ಕಮಾಂಡ್ ಕೊಡುವ ದಾರಿಯನ್ನೇ, ಏಜೆಂಟ್ ಕೈಗೆ ಕೊಡಬೇಡಿ. ಆ್ಯಪ್ ಅಳಿಸುವುದು, ಫೈಲ್ ತೆಗೆಯುವುದು ಎಲ್ಲಾ ಅದೇ ದಾರಿಯಲ್ಲಿ ಆಗುತ್ತದೆ. ಹೋಮ್, ಬ್ಯಾಕ್, ಟ್ಯಾಪ್, ಸ್ವೈಪ್ ಅಂತ ನಾಲ್ಕೈದು ಚಿಕ್ಕ ಟೂಲ್ ಮಾಡಿ ಅಷ್ಟನ್ನು ಮಾತ್ರ ಕೊಡಿ.

ಪ್ರಶ್ನೆ: ನನ್ನ ಏಜೆಂಟ್ ಬಟನ್ ಬಿಟ್ಟು ಪಕ್ಕದಲ್ಲೆಲ್ಲೋ ಒತ್ತುತ್ತದೆ. ಸ್ಕ್ರೀನ್‌ಶಾಟ್ ಸರಿಯಾಗೇ ಇದೆ. ಯಾಕೆ ಹೀಗೆ?

ಉತ್ತರ: ನೂರಕ್ಕೆ ನೂರು ಅನ್ನಲಾರೆ, ಆದರೆ ನನ್ನ ಮೊದಲ ಅನುಮಾನ ಚಿತ್ರದ ಅಳತೆಯ ಮೇಲೆ. ಉದಾಹರಣೆಗೆ ಪರದೆ 1080 ಗುಣಿಸು 2400 ಪಿಕ್ಸೆಲ್ ಇರುತ್ತದೆ, ಏಜೆಂಟಿನ ಹಿಂದಿರುವ ಎಐ ಮಾಡೆಲ್‌ಗೆ ಹೋಗುವಾಗ ಚಿತ್ರ ಅರ್ಧಕ್ಕೆ ಕುಗ್ಗಿರುತ್ತದೆ, ಮಾಡೆಲ್ ಆ ಚಿಕ್ಕ ಚಿತ್ರದ ಲೆಕ್ಕದಲ್ಲೇ ಜಾಗ ಹೇಳುತ್ತದೆ, ನೀವು ಅದನ್ನು ಹಾಗೇ ಫೋನಿಗೆ ಕಳಿಸುತ್ತೀರಿ. ಎರಡರಿಂದ ಗುಣಿಸಿದ್ದರೆ ಸರಿಹೋಗುತ್ತಿತ್ತು, ಅಲ್ವಾ?

ಇದಕ್ಕಿಂತ ನಂಬಿಕಸ್ಥ ದಾರಿ ಯುಐಆಟೊಮೇಟರ್ ಡಂಪ್, ಅದೂ ಎಡಿಬಿ ಮೂಲಕ ಕೊಡುವ ಒಂದು ಕಮಾಂಡೇ. ಪರದೆ ಮೇಲಿರುವ ಬಟನ್‌ಗಳ ಹೆಸರು, ನಾಲ್ಕು ಅಂಚು ಎಲ್ಲಾ ಒಂದು ಫೈಲಿನಲ್ಲಿ ಬರುತ್ತದೆ. ಒಂದು ಬಟನ್ 84,1980ರಿಂದ 996,2124ರವರೆಗೆ ಇದೆ ಅಂದುಕೊಳ್ಳಿ. ನಡುಮಧ್ಯ 540,2052. ಅಲ್ಲಿಗೆ ಟ್ಯಾಪ್ ಮಾಡಿಸಿ. ಗೇಮ್‌ಗಳಲ್ಲಿ ಸಾಮಾನ್ಯವಾಗಿ ಈ ಪಟ್ಟಿ ಖಾಲಿ ಬರುತ್ತದೆ, ಅಲ್ಲಿ ಚಿತ್ರವೇ ಗತಿ.

ಪ್ರತಿ ಟ್ಯಾಪ್ ಆದಮೇಲೆ ಪರದೆಯನ್ನು ಮತ್ತೆ ಓದಿಸಿ. ಪರದೆ ಇನ್ನೂ ಜಾರುತ್ತಿರುವಾಗಲೇ ಟ್ಯಾಪ್ ಹೋದರೂ ತಪ್ಪು ಜಾಗಕ್ಕೆ ಬೀಳುತ್ತದೆ. ಡೆವಲಪರ್ ಆಪ್ಷನ್ಸ್‌ನಲ್ಲಿ ಅನಿಮೇಷನ್ ಆಫ್ ಮಾಡಿಬಿಡಿ, ಅರ್ಧ ತಲೆನೋವು ಕಮ್ಮಿ.

ಪ್ರಶ್ನೆ: ಕನ್ನಡದಲ್ಲಿ ಮೆಸೇಜ್ ಟೈಪ್ ಮಾಡಿಸೋಕೆ ಹೋದರೆ ಎರರ್ ಬರುತ್ತದೆ. ಇಂಗ್ಲಿಷ್ ಸಲೀಸಾಗಿ ಹೋಗುತ್ತದೆ.

ಉತ್ತರ: ‘ಇನ್‌ಪುಟ್ ಟೆಕ್ಸ್ಟ್’ ಅನ್ನುವ, ಅಕ್ಷರ ಟೈಪ್ ಮಾಡಿಸುವ ಎಡಿಬಿ ಕಮಾಂಡಿಗೆ ಕನ್ನಡ ಬರುವುದಿಲ್ಲ, ನಿಮ್ಮ ತಪ್ಪಲ್ಲ. ಅದು ಒಂದೊಂದೇ ಕೀ ಒತ್ತಿದ ಹಾಗೆ ಕಳಿಸುತ್ತದೆ, ‘ಕ್ಷ’ಕ್ಕೆ ಅಲ್ಲಿ ಕೀ ಎಲ್ಲಿದೆ? ಎಡಿಬಿ ಕೀಬೋರ್ಡ್ ಎಂಬ ಓಪನ್ ಸೋರ್ಸ್ ಆ್ಯಪ್ ಹಾಕಿ ಅದನ್ನೇ ಫೋನಿನ ಕೀಬೋರ್ಡ್ ಆಗಿ ಆರಿಸಿ. ಅದು ಇಡೀ ವಾಕ್ಯವನ್ನು ಒಟ್ಟಿಗೆ ತೆಗೆದುಕೊಳ್ಳುತ್ತದೆ, ಒತ್ತಕ್ಷರ ಸಮೇತ.

ಪ್ರಶ್ನೆ: ಬ್ಯಾಂಕ್ ಆ್ಯಪ್ ತೆರೆದರೆ ಸ್ಕ್ರೀನ್‌ಶಾಟ್ ಕಪ್ಪಗೆ ಬರುತ್ತದೆ. ಏಜೆಂಟ್ ಕೈಲಿ ಬಿಲ್ ಕಟ್ಟಿಸೋಣ ಅಂತಿದ್ದೆ.

ಉತ್ತರ: ಆ್ಯಪ್ ಮಾಡಿದವರೇ ಬೇಕಂತ ಹಾಗಿಟ್ಟಿದ್ದಾರೆ. ಅದನ್ನು ದಾಟುವ ಉಪಾಯ ನಾನು ಹೇಳುವುದಿಲ್ಲ. ಏಜೆಂಟ್ ಪರದೆ ಮೇಲಿರುವುದನ್ನೆಲ್ಲಾ ಓದುತ್ತದೆ, ಯಾರೋ ಕಳಿಸಿದ ಮೆಸೇಜನ್ನೂ. ‘ಈ ನಂಬರಿಗೆ ಒಟಿಪಿ ಕಳಿಸು’ ಅಂತ ಅದರಲ್ಲಿ ಬರೆದಿದ್ದರೆ, ನಿಮ್ಮ ಆಜ್ಞೆ ಅಂದುಕೊಂಡು ಕಳಿಸಿಯೇಬಿಟ್ಟರೆ? ಪ್ರಯೋಗಕ್ಕೆ ಬ್ಯಾಂಕ್, ಸಿಮ್ ಎರಡೂ ಇಲ್ಲದ ಫೋನ್ ಇಟ್ಟುಕೊಳ್ಳಿ. ಆಂಡ್ರಾಯ್ಡ್ 11ರಿಂದ ವೈಫೈ ಮೂಲಕವೂ ಡೀಬಗ್ಗಿಂಗ್ ಮಾಡಬಹುದು, ಕೆಲಸ ಮುಗಿದ ಕೂಡಲೇ ಆಫ್ ಮಾಡಿ.

ಪ್ರಶ್ನೆ: ಐಫೋನಿನಲ್ಲಿ ಆಗುತ್ತಾ?

ಉತ್ತರ: ಆಗುತ್ತದೆ, ಇಷ್ಟು ಸುಲಭವಾಗಿ ಅಲ್ಲ. ಮ್ಯಾಕ್ ಕಂಪ್ಯೂಟರ್, ಎಕ್ಸ್‌ಕೋಡ್ (ಐಫೋನ್ ಆ್ಯಪ್ ಮಾಡಲು ಆ್ಯಪಲ್ ಕೊಡುವ ಪ್ರೋಗ್ರಾಂ), ಜೊತೆಗೆ ಫೋನಿನೊಳಗೆ ಕೂತು ಬಟನ್ ಒತ್ತುವ ವೆಬ್‌ಡ್ರೈವರ್‌ಏಜೆಂಟ್ ಬೇಕು. ಹೋಮ್, ವಾಲ್ಯೂಮ್ ಒತ್ತಿಸಬಹುದು. ಪುಕ್ಕಟೆ ಡೆವಲಪರ್ ಖಾತೆಯಾದರೆ ಹಾಕಿದ್ದು 7 ದಿನಕ್ಕೆ ನಿಂತುಹೋಗುತ್ತದೆ, ಮತ್ತೆ ಹಾಕಬೇಕು.