ದಾಳಿಂಬೆಯ ಕಾಳು ಎಷ್ಟು?

ಪ್ರಿಯ ಲೇಖಕರೇ,

ನಿಮ್ಮ ಲೇಖನ ‘ಪಾತಾಳದ ರಾಣಿ’ ತಲುಪಿತು. ಭಾಷೆ ತಿಳಿಯಾಗಿದೆ, ಪಾತಾಳದೊಡೆಯ ಹೇಡೀಸ್ ಹೊತ್ತೊಯ್ದ ಮಗಳು ಪರ್ಸೆಫೊನೆಯನ್ನು ಧಾನ್ಯದೇವತೆ ಡಿಮೀಟರ್ ಹುಡುಕುತ್ತ ಅಲೆಯುವ ಭಾಗ ಓದಿಸಿಕೊಂಡು ಹೋಗುತ್ತದೆ. ಹೊಗಳಿಕೆ ಇಷ್ಟೇ. ಮೂರನೆಯ ಪುಟದ ಒಂದು ವಾಕ್ಯ ಎರಡು ದಿನದಿಂದ ನನ್ನ ನೆಮ್ಮದಿ ಕೆಡಿಸಿದೆ: “ಹೇಡೀಸ್ ಹೊತ್ತೊಯ್ದ ಪರ್ಸೆಫೊನೆ ಆರು ದಾಳಿಂಬೆ ಕಾಳುಗಳನ್ನು ಇಷ್ಟಪಟ್ಟು ತಿಂದಳೆಂದು ಗ್ರೀಕ್ ಮತ್ತು ರೋಮನ್ ಕವಿಗಳು ಹೇಳುತ್ತಾರೆ.”

ಯಾವ ಕವಿಗಳು?

ಮೊದಲು ‘ಆರು’. ಹೋಮರನ ಹೆಸರಿನಲ್ಲಿ ಉಳಿದಿರುವ ಡಿಮೀಟರ್ ಸ್ತೋತ್ರದಲ್ಲಿ ಇರುವುದು ಒಂದೇ ಕಾಳು. ರೋಮಿನ ಕವಿ ಓವಿಡ್ ‘ಮೆಟಮಾರ್ಫೊಸಿಸ್’ ಕಾವ್ಯದಲ್ಲಿ ಏಳು ಎನ್ನುತ್ತಾನೆ, ‘ಫಾಸ್ಟಿ’ಯಲ್ಲಿ ಅವನೇ ಮೂರು ಎನ್ನುತ್ತಾನೆ. ಪಾತಾಳದಲ್ಲಿ ತಿಂದ ತಪ್ಪಿಗೆ ಅವಳು ವರ್ಷದ ಒಂದು ಪಾಲು ಅಲ್ಲೇ ಇರಬೇಕು; ಇರುವುದು ಆರು ತಿಂಗಳು, ಆದ್ದರಿಂದ ಆರು ಕಾಳು ಎಂದು ಯಾರೋ ಹೊಂದಿಸಿದ ಲೆಕ್ಕವನ್ನು ನೀವು ನಂಬಿದಂತಿದೆ. ವರ್ಷವನ್ನು ಸರಿಪಾಲು ಮಾಡಿದವನು ಓವಿಡ್. ಗ್ರೀಕ್ ಸ್ತೋತ್ರದಲ್ಲಿ ಅವಳು ಕೆಳಗಿರುವುದು ವರ್ಷದ ಮೂರರಲ್ಲೊಂದು ಪಾಲು.

‘ಇಷ್ಟಪಟ್ಟು’ ಎಂಬ ಪದಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಸ್ತೋತ್ರದ ಕವಿ, ಹೇಡೀಸ್ ಗುಟ್ಟಾಗಿ ಕಾಳು ಕೊಟ್ಟನೆಂದಷ್ಟೇ ಹೇಳುತ್ತಾನೆ. ಮುಂದೆ ತಾಯಿ ಕೇಳಿದಾಗ ಮಗಳು, ಒಲ್ಲದಿದ್ದರೂ ಬಲವಂತವಾಗಿ ತಿನ್ನಿಸಿದನೆನ್ನುತ್ತಾಳೆ. ಕವಿ ಹೇಳದೆ ಬಿಟ್ಟದ್ದನ್ನು ಹುಡುಗಿ ಹೇಳುತ್ತಿದ್ದಾಳೋ, ಅಥವಾ ತಾಯಿಯೆದುರು ಹಾಗೆ ಹೇಳಬೇಕಾಯಿತೋ? ನಿಮ್ಮ ಲೇಖನ ಇದ್ದದ್ದೇ ಅಲ್ಲಿ! ಓವಿಡನಲ್ಲಿ ಕೊಡುವವರೂ ಇಲ್ಲ, ತಿನ್ನಿಸುವವರೂ ಇಲ್ಲ. ತೋಟದಲ್ಲಿ ಅಲೆಯುತ್ತ ಅವಳೇ ಹಣ್ಣು ಕೀಳುತ್ತಾಳೆ. ಕಂಡವನು ಪಾತಾಳವಾಸಿ ಅಸ್ಕಾಲಫಸ್ ಒಬ್ಬನೇ. ಚಾಡಿ ಹೇಳಿ ಗೂಬೆಯಾಗುತ್ತಾನೆ. ಹೊತ್ತೊಯ್ಯುವಾಗಲೂ ಮಡಿಲಿನಿಂದ ಉದುರಿದ ಹೂಗಳಿಗಾಗಿ ಅಳುವಷ್ಟು ಎಳೆಯ ಹುಡುಗಿ ಅವನ ಪ್ರಾಸರ್ಪಿನಾ (ಪರ್ಸೆಫೊನೆಯ ರೋಮನ್ ಹೆಸರು). ಅವಳ ಬಗ್ಗೆಯೂ ‘ಇಷ್ಟಪಟ್ಟು’ ಎಂದು ಬರೆಯಲು ಕೈ ಹೇಗೆ ಬಂತು?

ಇನ್ನು ಆ ‘ಮತ್ತು’. ಸ್ತೋತ್ರಕ್ಕೂ ಓವಿಡನಿಗೂ ನಡುವಿನ ಐದು ಶತಮಾನಕ್ಕೂ ಹೆಚ್ಚಿನ ಅಂತರ ಅದರಲ್ಲಿ ಅಡಗಿ ಕುಳಿತಿದೆ. ಸ್ತೋತ್ರದಲ್ಲಿ ನೀಸಾದ ಬಯಲಿನಲ್ಲಿ ನಡೆಯುವ ಅಪಹರಣ ಓವಿಡನಲ್ಲಿ ಸಿಸಿಲಿ ದ್ವೀಪದ ಹೆನ್ನಾದಲ್ಲಿ ನಡೆಯುವುದೂ ಅಲ್ಲೇ ಮುಚ್ಚಿಹೋಗಿದೆ.

ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ‘ಪುರಾಣಗಳು ಹೇಳುವಂತೆ’ ಎಂದು ಬರೆದಿದ್ದೆ. ಹಿರಿಯರೊಬ್ಬರು ‘ಗಳು’ ಸುತ್ತ ಕೆಂಪು ಶಾಯಿ ಎಳೆದು, “ಹೆಸರು ಬರಿ” ಎಂದರು. ಮೂರು ದಿನ ಗ್ರಂಥಾಲಯದಲ್ಲಿ ಕೂತರೂ ಸಿಗಲಿಲ್ಲ. ಕೊನೆಗೆ ನೆನಪಾಯಿತು: ಅದನ್ನು ನಾನು ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ್ದೆ. ‘ಹರಿಕಥೆಯಲ್ಲಿ ಕೇಳಿದಂತೆ’ ಎಂದು ನಾಚಿಕೊಂಡೇ ತಿದ್ದಿದೆ. ಅವರು ತುಟಿಪಿಟಕ್ಕೆನ್ನದೆ ಅಚ್ಚಿಗೆ ಕಳಿಸಿದರು.

ಮೂರನೆಯ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಶೀರ್ಷಿಕೆಯ ಬಗ್ಗೆ ಆಮೇಲೆ ಜಗಳವಾಡೋಣ.

ಇತಿ,
ಸಂಪಾದಕ