ಓದುಗರ ಪ್ರಶ್ನೆಗೆ ಉತ್ತರ: ಸವೆದ ಟೇಪಿನ ಸಂಗೀತ

ಪ್ರಶ್ನೆ: ನನ್ನ ಮಗ ರಾತ್ರಿ ಹೊತ್ತು ಆಂಬಿಯೆಂಟ್ ಎಂಬ ಬಗೆಯ ಸಂಗೀತ ಹಾಕಿಕೊಂಡು ಕೂರುತ್ತಾನೆ. ಅದರಲ್ಲಿ ಸಾಹಿತ್ಯವಿಲ್ಲ, ತಾಳವಿಲ್ಲ, ಇಂಥ ರಾಗವೆಂದು ಗುರುತಿಸುವಂಥದ್ದೂ ಇಲ್ಲ. ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ, ನಡುನಡುವೆ ಹಳೆಯ ಕ್ಯಾಸೆಟ್ಟಿನ ಕರಕರ ಸದ್ದು. ಮೊನ್ನೆ ಪಾತ್ರೆ ತೊಳೆಯುತ್ತ ಅದು ಕಿವಿಗೆ ಬಿದ್ದಾಗ, ಎಂದೋ ಮಾರಿಬಿಟ್ಟ ನಮ್ಮ ತವರುಮನೆಯ ನಡುಮನೆ ಕಣ್ಣಿಗೆ ಕಟ್ಟಿದಂತಾಗಿ ಅಳು ಬಂತು. ಹಿಂದೆಂದೂ ಕೇಳಿರದ ಸಂಗೀತ ನನ್ನ ನೆನಪನ್ನು ಕಲಕುವುದು ಹೇಗೆ?
— ಗೃಹಿಣಿ, ಮಲ್ಲೇಶ್ವರ

ಉತ್ತರ: ನೀವು ಹಿಂದೆ ಕೇಳಿರದ ಸಂಗೀತವಾದುದರಿಂದಲೇ ಅದಕ್ಕೆ ಈ ಶಕ್ತಿ ಬಂದಿರಬಹುದು. ಹಳೆಯ ಚಿತ್ರಗೀತೆಯೊಂದು ಕೇಳಿಬಂದರೆ ಅದು ತನ್ನದೇ ಕಾಲವನ್ನು ಹೊತ್ತುಕೊಂಡು ಬರುತ್ತದೆ. ಯಾವ ಟಾಕೀಸಿನಲ್ಲಿ ನೋಡಿದ್ದು, ಜೊತೆಯಲ್ಲಿ ಯಾರಿದ್ದರು ಎನ್ನುವುದೆಲ್ಲ ಹಾಡಿನೊಡನೆ ಅಂಟಿಕೊಂಡಿರುವುದರಿಂದ ಬೇರೆ ನೆನಪಿಗೆ ಅಲ್ಲಿ ಜಾಗ ಕಡಿಮೆ. ನಿಮ್ಮ ಮಗ ಕೇಳುವ ಸಂಗೀತಕ್ಕೆ ಹಾಗೆ ಹೇಳಿಕೊಳ್ಳುವ ಕಥೆಯಿಲ್ಲ. ಅದು ಬಾಗಿಲು ತೆರೆದಿಟ್ಟ ಖಾಲಿ ಕೋಣೆಯ ಹಾಗಿದ್ದು, ನಿಮ್ಮ ತವರಿನ ನಡುಮನೆ ಅಲ್ಲಿಗೆ ತಾನಾಗಿ ಬಂದು ಸೇರಿಕೊಂಡಿದೆ. ನೀವು ಅದನ್ನು ಗಮನವಿಟ್ಟು ಕೇಳುತ್ತಿರಲಿಲ್ಲ, ಕೈ ಪಾತ್ರೆಯ ಮೇಲಿತ್ತು, ನಲ್ಲಿಯಲ್ಲಿ ನೀರು ಬೀಳುತ್ತಿತ್ತು ಎನ್ನುವುದೂ ಮುಖ್ಯ.

ಈ ಪ್ರಕಾರಕ್ಕೆ ಹೆಸರು ಕೊಟ್ಟ ಇಂಗ್ಲೆಂಡಿನ ಬ್ರಯಾನ್ ಈನೋ ಅವರಿಗೂ ಇದು ಹೊಳೆದದ್ದು ಅರೆಗಮನದಲ್ಲಿಯೇ. 1975ರಲ್ಲಿ ಅಪಘಾತವಾಗಿ ಅವರು ಹಾಸಿಗೆ ಹಿಡಿದಿದ್ದಾಗ, ಸ್ನೇಹಿತೆಯೊಬ್ಬರು ತಂದುಕೊಟ್ಟಿದ್ದ ಹಾರ್ಪ್ ವಾದ್ಯದ ಗ್ರಾಮಫೋನ್ ತಟ್ಟೆಯನ್ನು ಕಷ್ಟಪಟ್ಟು ಎದ್ದು ಹಾಕಿ ಮತ್ತೆ ಮಲಗಿದರು. ಆಂಪ್ಲಿಫೈಯರಿನ ದನಿ ತೀರ ತಗ್ಗಿತ್ತು, ಸ್ಟೀರಿಯೋದ ಒಂದು ಬದಿ ಕೆಲಸ ಮಾಡುತ್ತಿರಲಿಲ್ಲ, ಸರಿಪಡಿಸಲು ಏಳುವ ತ್ರಾಣವಿರಲಿಲ್ಲ, ಹೊರಗೆ ಮಳೆ. ವಾದ್ಯದ ದನಿ ಮಳೆಯೊಳಗೆ ಮುಳುಗುತ್ತ ಏಳುತ್ತ, ಬೆಳಕಿನಂತೆ ಸುತ್ತಲಿನ ವಾತಾವರಣದ ಒಂದು ಭಾಗವಾಗಿ ಕೇಳಿಸಿತು. 1978ರಲ್ಲಿ ಅವರು ವಿಮಾನ ನಿಲ್ದಾಣಗಳಿಗೆಂದು ರಚಿಸಿದ ಸಂಗೀತದ ತಟ್ಟೆಯ ಮೇಲೆ ಆಂಬಿಯೆಂಟ್ ಎಂಬ ಪದವನ್ನು ಅಚ್ಚು ಹಾಕಿಸಿದರು.

ನಮ್ಮ ತಂಬೂರಿಯೂ ಇದೇ ಅಲ್ಲವೇ ಎಂದು ಕೆಲವರು ಕೇಳುವುದುಂಟು. ತಂತಿಗಳನ್ನು ಹೊರುವ ಕುದುರೆಯೆಂಬ ಪಟ್ಟಿಯ ಮೇಲೆ ತಂತಿಯ ಅಡಿಗೆ ಸರಿಸಿದ ಜೀವಾಳದ ದಾರದಿಂದ ಹುಟ್ಟುವ ಆ ಝೇಂಕಾರ ಮನಸ್ಸನ್ನು ಹರಡಿ ಹಾಕುವುದು ನಿಜವಾದರೂ ತಂಬೂರಿ ಸವೆಯುವುದಿಲ್ಲ. ಕಛೇರಿ ಮುಗಿಯುವವರೆಗೆ ಅದು ಆಧಾರವಾಗಿ ನಿಂತಿರಬೇಕು. ನಿಮಗೆ ಅಳು ತರಿಸಿದ ಸಂಗೀತದಲ್ಲಿ ಕುಸಿಯುವುದು ಆಧಾರವೇ.

ಅದಕ್ಕೆ ಅತ್ಯುತ್ತಮ ನಿದರ್ಶನ ಅಮೆರಿಕದ ವಿಲಿಯಂ ಬಸಿನ್‌ಸ್ಕಿ ಅವರ ಟೇಪುಗಳು. 1980ರ ದಶಕದಲ್ಲಿ ಅವರು ಕೆಲವೇ ಸೆಕೆಂಡುಗಳ ಸಂಗೀತವಿರುವ ಟೇಪಿನ ತುಣುಕುಗಳ ಎರಡು ತುದಿಗಳನ್ನು ಅಂಟಿಸಿ, ಬಳೆಯಂತೆ ಸುತ್ತುತ್ತಲೇ ಇರುವ ಹಾಗೆ ಮಾಡಿಟ್ಟಿದ್ದರು. 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅವನ್ನು ಡಿಜಿಟಲ್ ಪ್ರತಿಯಾಗಿ ಉಳಿಸಿಕೊಳ್ಳಲು ಕುಳಿತಾಗ, ಟೇಪು ಒಂದೊಂದು ಸುತ್ತು ಬಂದಂತೆ ಸ್ವರಗಳನ್ನು ಹಿಡಿದಿಟ್ಟಿದ್ದ, ಅದರ ಮೇಲಿನ ಕಬ್ಬಿಣದ ಆಕ್ಸೈಡಿನ ಪುಡಿ ಉದುರತೊಡಗಿತು. ಅವರು ಯಂತ್ರವನ್ನು ನಿಲ್ಲಿಸದೆ ರೆಕಾರ್ಡ್ ಮಾಡುತ್ತ ಹೋದರು. ಮೊದಲ ಭಾಗ ಒಂದು ಗಂಟೆಗೂ ಮಿಗಿಲು. ಆರಂಭದಲ್ಲಿ ತುಂಬಿಕೊಂಡಿದ್ದ ಸ್ವರಗಳಲ್ಲಿ ಸಣ್ಣ ಸಣ್ಣ ತೂತುಗಳು ಬೀಳುತ್ತವೆ, ತೂತುಗಳು ಹಿಗ್ಗುತ್ತವೆ, ಕೊನೆಗೆ ಗುಸುಗುಸು ಮಾತ್ರ. ಕೆಲವೇ ವಾರಗಳ ಬಳಿಕ, ಸೆಪ್ಟೆಂಬರ್ 11ರಂದು, ಅವಳಿ ಗೋಪುರಗಳ ಹೊಗೆ ಸಂಜೆಗತ್ತಲಲ್ಲಿ ಕರಗುವುದನ್ನು ಅವರು ತಮ್ಮ ಮಹಡಿಯಿಂದ ಚಿತ್ರೀಕರಿಸಿ ಆ ಸಂಗೀತಕ್ಕೆ ಜೋಡಿಸಿದರು. ಅದರಿಂದ ಆ ಕೃತಿ ಒಂದು ನಗರದ ಶೋಕಗೀತೆಯೆಂದೇ ಪ್ರಸಿದ್ಧವಾಯಿತಾದರೂ, ಗೋಪುರಗಳ ಸುದ್ದಿಯಿಲ್ಲದೆ ಕೇಳಿದರೂ ಅದು ಎದೆಯನ್ನು ಹಿಂಡುತ್ತದೆ ಎಂಬುದು ನನ್ನ ಅನುಭವ.

ಕಾರಣ ಇಷ್ಟೇ. ಒಂದೇ ತುಣುಕು ಹತ್ತಾರು ಸಲ ಬಂದಾಗ ಕಿವಿ ಅದನ್ನು ಕಲಿತುಬಿಡುತ್ತದೆ. ಆಮೇಲೆ ಒಂದು ಸ್ವರ ಉದುರಿಹೋದರೂ ಕಿವಿ ಅದನ್ನು ನಿರೀಕ್ಷಿಸುತ್ತದೆ, ಸಿಗದಿದ್ದಾಗ ತನ್ನ ನೆನಪಿನಿಂದ ತುಂಬಿಕೊಳ್ಳುತ್ತದೆ. ಅಂದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನೀವು ಸಂಗೀತವನ್ನು ಕೇಳುವುದಕ್ಕಿಂತ ಹೆಚ್ಚಾಗಿ, ಈಗಷ್ಟೇ ಇದ್ದು ಈಗ ಇಲ್ಲವಾದುದನ್ನು ನೆನೆಯುತ್ತಿರುತ್ತೀರಿ. ಕಳೆದುಕೊಳ್ಳುವ ಕ್ರಿಯೆ ನಿಮ್ಮ ಕಿವಿಯಲ್ಲೇ ನಡೆಯುತ್ತಿರುವಾಗ ಮಾರಿದ ಮನೆ ನೆನಪಾದುದರಲ್ಲಿ ಆಶ್ಚರ್ಯವೇನಿದೆ?

ಪ್ರಶ್ನೆ: ಕಂಪ್ಯೂಟರಿನಲ್ಲಿ ರಚಿಸಿದ ಹೊಸ ಸಂಗೀತಕ್ಕೆ ಬೇಕೆಂದೇ ಟೇಪಿನ ಸದ್ದು ಸೇರಿಸುತ್ತಾರಲ್ಲ, ಅದು ಮೋಸವಲ್ಲವೇ?
— ವಿದ್ಯಾರ್ಥಿ, ಕೆಂಗೇರಿ

ಉತ್ತರ: ಮೋಸವೆನ್ನಲಾರೆ, ಸೋಮಾರಿತನ ಎನ್ನಬಹುದು. ಹೊಸ ತೇಗದ ಮೇಜಿಗೆ ಹಳೆಯದರ ಬಣ್ಣ ಬಳಿದು ಮಾರುವ ಅಂಗಡಿಗಳು ನಮ್ಮ ಊರಿನಲ್ಲೇ ಸಾಕಷ್ಟಿವೆ. ಸೇರಿಸಿದ ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇರುತ್ತದೆ, ಸ್ವರಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಪ್ರಶ್ನೆ: ನಮ್ಮ ತಂದೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದರು. ಹಾಡುಗಳ ನಡುವೆ ಅವರು ಪಕ್ಕದವರೊಡನೆ ಆಡಿದ ಮಾತುಗಳೂ ಇವೆ. ತಂದೆ ಈಗಿಲ್ಲ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಅವನ್ನು ಕಂಪ್ಯೂಟರಿಗೆ ಇಳಿಸಿ ಗದ್ದಲವನ್ನೆಲ್ಲ ತೆಗೆಸಬೇಕೆಂದಿದ್ದೇನೆ. ಒಂದು ಕಡೆ ಅಪ್ಪ ಮಾತಾಡುವ ಮೊದಲೇ ಅದೇ ಮಾತು ದೂರದಿಂದ ಸಣ್ಣಗೆ ಕೇಳಿಸುತ್ತದೆ, ಅದೇಕೆ?
— ನಿವೃತ್ತ ಬ್ಯಾಂಕ್ ನೌಕರ, ಹನುಮಂತನಗರ

ಉತ್ತರ: ಮೊದಲು ಆ ಸಣ್ಣ ದನಿಯ ವಿಷಯ. ಸುರುಳಿ ಸುತ್ತಿಕೊಂಡ ಟೇಪಿನಲ್ಲಿ ಒಂದು ಪದರ ಇನ್ನೊಂದಕ್ಕೆ ಒತ್ತಿಕೊಂಡು ವರ್ಷಗಟ್ಟಲೆ ಕೂತಿರುವಾಗ, ಒಂದರ ಕಾಂತೀಯ ಗುರುತು ಪಕ್ಕದ ಪದರಕ್ಕೂ ಅಷ್ಟಿಷ್ಟು ಇಳಿಯುತ್ತದೆ. ಟೇಪು ತೆಳುವಾದಷ್ಟೂ ಇದು ಹೆಚ್ಚು. ಅರವತ್ತು ನಿಮಿಷದ ಸಿ-60 ಕ್ಯಾಸೆಟ್ಟಿಗಿಂತ ತೊಂಬತ್ತು ನಿಮಿಷದ ಸಿ-90ರ ಟೇಪು ತೆಳು. ಹೀಗಾಗಿ ನಿಮ್ಮ ತಂದೆಯವರ ಮಾತು ಪಕ್ಕದ ಸುತ್ತಿನ ಮೌನದ ಮೇಲೆ ಅಚ್ಚಾಗಿದೆ. ತಾಂತ್ರಿಕವಾಗಿ ಇದು ದೋಷವೇ, ಆದರೆ ದಯವಿಟ್ಟು ಅಳಿಸಬೇಡಿ.

ಇನ್ನು ಕೆಲಸದ ಮಾತು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಟೇಪನ್ನು ಓದುವ ಹೆಡ್ಡಿಗೂ ಅಲ್ಲಿಂದ ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಇಟ್ಟು, ಅನುಭವವಿರುವವರಿಂದ ಶುಚಿ ಮಾಡಿಸಿ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆಯ ಅಂಟು ಒಣಗಿ ಬಿದ್ದುಹೋಗಿದ್ದರೆ ದನಿ ಮಂಕಾಗುತ್ತದೆ. ಆಗ ಟೇಪು ಹಾಳಾಯಿತೆಂದು ತಿಳಿಯದೆ, ಸ್ಕ್ರೂ ಇರುವ ಬೇರೆ ಪೆಟ್ಟಿಗೆಗೆ ಸುರುಳಿಯನ್ನು ವರ್ಗಾಯಿಸಿದರೆ ಸಾಕು. ಬೆನ್ನಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಇಳಿಸುವಾಗ ಕನಿಷ್ಠ 24 ಬಿಟ್, 48 ಕಿಲೋಹರ್ಟ್ಸ್‌ನ, ದನಿಯನ್ನು ಕುಗ್ಗಿಸದ ವೇವ್ (WAV) ಕಡತವಾಗಿರಲಿ. ಆ ಪ್ರತಿಯನ್ನು ಮುಟ್ಟದೆ ಎತ್ತಿಟ್ಟು, ತಿದ್ದುವುದೇನಿದ್ದರೂ ಅದರ ನಕಲಿನಲ್ಲಿ ತಿದ್ದಿ.

ಗದ್ದಲ ತೆಗೆಸುವ ಬಗ್ಗೆ ನನ್ನ ಅಭಿಪ್ರಾಯ ಖಂಡಿತವಾದುದು: ಬೇಡ. ಹಾಡು ಬೇಕೆಂದರೆ ಆ ವಿದ್ವಾಂಸರ ಶುದ್ಧ ಧ್ವನಿಮುದ್ರಿಕೆಗಳು ಸಿಕ್ಕಾವು. ಚಪ್ಪರದಡಿಯ ಕೆಮ್ಮು, ಕುರ್ಚಿ ಎಳೆದ ಸದ್ದು, ದೂರದ ಬಸ್ಸಿನ ಹಾರನ್ನು, ಮಧ್ಯೆ ನಿಮ್ಮ ತಂದೆಯ ಮಾತು, ಇವು ಬೇರೆಲ್ಲೂ ಸಿಗವು. ಗದ್ದಲ ಕಳೆಯುವ ತಂತ್ರಾಂಶಕ್ಕೆ ಅಪ್ಪನ ಪಿಸುಮಾತಿಗೂ ಟೇಪಿನ ಸುಯ್ಯೆನ್ನುವ ಸದ್ದಿಗೂ ಇರುವ ಭೇದ ಎಲ್ಲ ಸಲವೂ ತಿಳಿಯುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಅಲ್ಝೈಮರ್ ಕಾಯಿಲೆ. ಆರು ಗಂಟೆಗೂ ಹೆಚ್ಚು ಅವಧಿಯ ಸಂಗೀತವೊಂದನ್ನು ಕೇಳಿದರೆ ಅಮ್ಮನ ಮನಸ್ಸಿನಲ್ಲಿ ಏನಾಗುತ್ತಿದೆಯೆಂದು ಅರ್ಥವಾಗುತ್ತದೆ ಎಂದು ಮೊಮ್ಮಗಳು ಹೇಳುತ್ತಾಳೆ. ಅರ್ಧ ಕೇಳಿ ಹೆದರಿ ನಿಲ್ಲಿಸಿದೆ. ಪೂರ್ತಿ ಕೇಳಬೇಕೇ?
— ಓದುಗರು, ಜಯನಗರ

ಉತ್ತರ: ನಿಮ್ಮ ಮೊಮ್ಮಗಳು ಹೇಳುವುದು ಕೇರ್‌ಟೇಕರ್ ಎಂಬ ಹೆಸರಿನಲ್ಲಿ ಲೇಲ್ಯಾಂಡ್ ಕರ್ಬಿ ಎಂಬ ಸಂಗೀತಗಾರರು 2016ರಿಂದ 2019ರವರೆಗೆ ಆರು ಹಂತಗಳಲ್ಲಿ ಹೊರತಂದ ಕೃತಿಯಿರಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳ ನೃತ್ಯಸಂಗೀತ ಅದರಲ್ಲಿ ಹಂತಹಂತವಾಗಿ ಮಸುಕಾಗಿ, ಕಲಸಿಕೊಂಡು, ಕೊನೆಗೆ ಗುರುತೇ ಸಿಗದಂತಾಗುತ್ತದೆ. ಕಲೆಯಾಗಿ ಅದು ದೊಡ್ಡ ಕೆಲಸ. ಆದರೆ ಅದು ಹೊರಗೆ ನಿಂತವರ ಕಲ್ಪನೆ; ಅಲ್ಲಿ ಕೇಳಿಸುವುದು ನಿಮ್ಮ ತಾಯಿಯ ಮನಸ್ಸಲ್ಲ, ಅವರನ್ನು ಕಳೆದುಕೊಳ್ಳುವ ನಮ್ಮ ಭಯ. ಪೂರ್ತಿ ಕೇಳಲೇಬೇಕೆಂಬ ಕಟ್ಟುಪಾಡು ನಿಮಗಿಲ್ಲ, ತಾಯಿಯವರಿಗಂತೂ ಕೇಳಿಸಬೇಡಿ.

ವಾಸ್ತವದಲ್ಲಿ ಈ ಕಾಯಿಲೆಯ ಅನೇಕರಲ್ಲಿ ಹೆಸರು, ದಿನಾಂಕಗಳು ಮರೆತುಹೋದ ಮೇಲೂ ಚಿಕ್ಕಂದಿನಲ್ಲಿ ಕಲಿತ ಹಾಡಿನ ಧಾಟಿ ಬಹುಕಾಲ ಉಳಿದಿರುತ್ತದೆ. ಅವರು ಶುಕ್ರವಾರದ ಪೂಜೆಯಲ್ಲಿ ಹಾಡುತ್ತಿದ್ದ ಆರತಿ ಹಾಡನ್ನು ನೀವೇ ಪಕ್ಕದಲ್ಲಿ ಕುಳಿತು ಮೆಲ್ಲಗೆ ಗುನುಗಿ ನೋಡಿ, ರೇಡಿಯೋ, ಟಿವಿ ಎರಡೂ ಆಫ್ ಆಗಿರಲಿ. ಎರಡನೆಯ ಸಾಲಿಗೆ ಅವರು ದನಿ ಸೇರಿಸಬಹುದು, ಸೇರಿಸದೆಯೂ ಇರಬಹುದು. ಸಾಲು ತಪ್ಪಿದರೆ ತಿದ್ದಲು ಹೋಗಬೇಡಿ. ಅವರು ಹಾಡಿದ ಸಾಲನ್ನೇ ನೀವೂ ಹಾಡಿ.