ದಂಪತಿಗಳು ಜೊತೆಯಾಗಿ ಭಗವದ್ಗೀತೆ ಓದುವುದು ಹೇಗೆ?

ಗಂಡ ಹೆಂಡತಿ ಸೇರಿ ಗೀತೆ ಓದಲು ಹೊರಟರೆ ಎರಡು ವಾರಕ್ಕೇ ನಿಂತುಹೋಗುತ್ತದೆ, ಒಬ್ಬರಿಗೆ ಸಂಸ್ಕೃತ ಅಷ್ಟಿಷ್ಟು ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ, ಏನು ಮಾಡುವುದು ಎಂದು ಕೇಳಿದ್ದೀರಿ.

ಮೊದಲನೆಯದಾಗಿ, ಮೊದಲ ಅಧ್ಯಾಯದಿಂದ ಶುರು ಮಾಡಬೇಡಿ. ಅಲ್ಲಿನ ವೀರರ, ಶಂಖಗಳ ಹೆಸರುಗಳಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ಅದನ್ನು ದಾಟಿದವರು 72 ಶ್ಲೋಕಗಳ ಎರಡನೇ ಅಧ್ಯಾಯದ ನಡುವೆ ನಿಲ್ಲುತ್ತಾರೆ. 12ನೇ ಅಧ್ಯಾಯ ಹಿಡಿಯಿರಿ, ಇರುವುದೇ 20 ಶ್ಲೋಕ. ದಿನಕ್ಕೆ ಎರಡರಂತೆ ವಾರಕ್ಕೆ ಐದು ದಿನ ಕೂತರೆ ಎರಡು ವಾರದಲ್ಲಿ ಮುಗಿಯುತ್ತದೆ. ಆಮೇಲೆ 15ನೆಯದು, ಅದೂ 20. ನಂತರ ಎರಡನೇ ಅಧ್ಯಾಯದ 54ರಿಂದ 72ರವರೆಗಿನ ಸ್ಥಿತಪ್ರಜ್ಞನ, ಅಂದರೆ ಬುದ್ಧಿ ಅಲುಗದೆ ನಿಂತವನ, ಭಾಗ. ಇಷ್ಟಾದ ಮೇಲೆ ಮೊದಲಿನಿಂದ ಹೊರಡಿ. ಆಗಲೂ ಮೊದಲ ಅಧ್ಯಾಯವನ್ನು ಕಥೆಯ ಹಾಗೆ ಎರಡೇ ದಿನದಲ್ಲಿ ಓದಿಬಿಡಿ.

ಪದವಿಭಾಗ (ಸಂಧಿ ಬಿಡಿಸಿದ ಪದಗಳು), ಪ್ರತಿಪದಾರ್ಥ (ಒಂದೊಂದು ಪದದ ಅರ್ಥ) ಎರಡೂ ಇರುವ ಪುಸ್ತಕವೇ ಬೇಕು, ಇಬ್ಬರದೂ ಒಂದೇ ಪ್ರಕಾಶನದ್ದಾಗಿರಲಿ. 13ನೇ ಅಧ್ಯಾಯದ ಆರಂಭದಲ್ಲಿ ಅರ್ಜುನನ ಒಂದು ಪ್ರಶ್ನೆ ಕೆಲವು ಪುಸ್ತಕಗಳಲ್ಲಿ ಇದೆ, ಕೆಲವದರಲ್ಲಿ ಇಲ್ಲ. ಅದನ್ನು ಸೇರಿಸಿ ಎಣಿಸಿದರೆ ಆ ಅಧ್ಯಾಯ ಮುಗಿಯುವ ತನಕ ಶ್ಲೋಕಸಂಖ್ಯೆ ಒಂದೊಂದು ಮುಂದೆ ಹೋಗುತ್ತದೆ.

ಕೂತಾಗ ಸಂಸ್ಕೃತ ಬಲ್ಲವರು ಅರ್ಧ ಶ್ಲೋಕ, ಅಂದರೆ ಹೆಚ್ಚಿನ ಶ್ಲೋಕಗಳಲ್ಲಿ 16 ಅಕ್ಷರ, ಹೇಳಬೇಕು, ಇನ್ನೊಬ್ಬರು ಹಾಗೇ ತಿರುಗಿ ಹೇಳಬೇಕು. ಅರ್ಥ ಹೇಳುವ ಕೆಲಸ ಮಾತ್ರ ಸಂಸ್ಕೃತ ಬಾರದವರದೇ. ಬಲ್ಲವರೇ ಅರ್ಥವನ್ನೂ ಹೇಳಿದರೆ ಅದು ಪಾಠವಾಗುತ್ತದೆ, ಇನ್ನೊಬ್ಬರು ತಲೆಯಾಡಿಸುತ್ತಾ ಕೂರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಓದು ಸಾಯುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. 12ನೇ ಅಧ್ಯಾಯದ 15ನೇ ಶ್ಲೋಕ ನೋಡಿ: 'ಯಸ್ಮಾನ್ನೋದ್ವಿಜತೇ ಲೋಕೋ ಲೋಕಾನ್ನೋದ್ವಿಜತೇ ಚ ಯಃ'. ಬಲ್ಲವರು 'ಯಸ್ಮಾತ್, ನ, ಉದ್ವಿಜತೇ, ಲೋಕಃ' ಎಂದು ಬಿಡಿಸಿಕೊಟ್ಟು ಸುಮ್ಮನಾಗಲಿ. 'ಯಾರಿಂದ ಲೋಕಕ್ಕೆ ಕಳವಳವಿಲ್ಲವೋ, ಲೋಕದಿಂದ ಯಾರಿಗೆ ಕಳವಳವಿಲ್ಲವೋ' ಎಂಬಲ್ಲಿಗೆ ಇನ್ನೊಬ್ಬರು ತಾವೇ ತಡವರಿಸಿಕೊಂಡು ಬರಲಿ. ಆಮೇಲೆ ತಾತ್ಪರ್ಯ ಓದಿ ಸರಿ ನೋಡಿಕೊಳ್ಳಿ. ಎಲ್ಲ ಸೇರಿ 20 ನಿಮಿಷ ಸಾಕು.

ಶ್ಲೋಕವನ್ನು ಎದುರಿನವರ ಮೇಲೆ ಪ್ರಯೋಗಿಸುವುದು ದೊಡ್ಡ ಅಪಾಯ. ಮನೆಗೆಲಸವೆಲ್ಲ ತನ್ನ ಮೇಲೇ ಬಿದ್ದಿದೆ ಎಂದು ಹೆಂಡತಿ ಹೇಳಿಕೊಂಡಾಗ ಗಂಡ 'ಕರ್ಮಣ್ಯೇವಾಧಿಕಾರಸ್ತೇ' (ಕೆಲಸ ಮಾಡುವುದಷ್ಟೇ ನಿನ್ನ ಅಧಿಕಾರ) ಎಂದರೆ ಮರುದಿನ ಪುಸ್ತಕ ತೆರೆಯುವ ಮನಸ್ಸೇ ಅವರಿಗೆ ಇರುವುದಿಲ್ಲ. ಓದಿದ್ದನ್ನು ತಮಗೆ ತಾವೇ ಅನ್ವಯಿಸಿಕೊಂಡು ಮಾತಾಡುವುದು, ಜಗಳದಲ್ಲಿ ಗೀತೆಯನ್ನು ಎತ್ತದಿರುವುದು, ಇದನ್ನು ಮೊದಲ ದಿನವೇ ಬಾಯಿಬಿಟ್ಟು ಒಪ್ಪಿಕೊಳ್ಳಿ.

ಹೆಣ್ಣುಮಕ್ಕಳಿಗೆ ನೋವಾಗುವ ಶ್ಲೋಕಗಳೂ ಬರುತ್ತವೆ, ಹಾರಿಸಬೇಡಿ. ಮೊದಲ ಅಧ್ಯಾಯದ ಕೊನೆಯಲ್ಲಿ ಹೆಂಗಸರು ಕೆಡುವುದರ, ವರ್ಣಸಂಕರದ (ವರ್ಣಗಳು ಬೆರೆತುಹೋಗುವುದರ) ಮಾತು ಇದೆ. ಅದು ಕೃಷ್ಣನ ಮಾತಲ್ಲ, ಅರ್ಜುನನ ವಾದ. ಯಾರು ಹೇಳುತ್ತಿದ್ದಾರೆ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುವ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ. 9ನೇ ಅಧ್ಯಾಯದ 32ನೆಯದು ಕೃಷ್ಣನದೇ ಮಾತು, ಆದ್ದರಿಂದ ಹೆಚ್ಚು ಕಷ್ಟ. ಅಲ್ಲಿನ 'ಪಾಪಯೋನಯಃ' (ಪಾಪಜನ್ಮದವರು) ಎಂಬುದನ್ನು ಶಂಕರರ ಭಾಷ್ಯ ಮುಂದೆ ಬರುವ ಸ್ತ್ರೀಯರು, ವೈಶ್ಯರು, ಶೂದ್ರರಿಗೆ ಅನ್ವಯಿಸುತ್ತದೆ, ಬೇರೆಯಾಗಿ ಬಿಡಿಸಿ ಓದುವವರೂ ಇದ್ದಾರೆ. ಗಂಡನಾದವನು ಇಲ್ಲಿ ಸಮರ್ಥನೆಗೆ ಇಳಿಯದೆ ಹೆಂಡತಿಗೆ ಅನ್ನಿಸಿದ್ದನ್ನು ಪೂರ್ತಿ ಕೇಳಬೇಕು. ನಂತರ ಅದೇ ಅಧ್ಯಾಯದ 29ನೇ ಶ್ಲೋಕ 'ಸಮೋಽಹಂ ಸರ್ವಭೂತೇಷು' (ಎಲ್ಲ ಜೀವಿಗಳಲ್ಲೂ ನಾನು ಸಮ) ಜೊತೆಗಿಟ್ಟು ಇನ್ನೊಮ್ಮೆ ಓದಿ. ಒಪ್ಪಿಗೆಯಾಗದಿದ್ದರೆ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿ ಮುಂದೆ ಸಾಗಿ.

ಒಬ್ಬರ ತವರು ಶಂಕರರನ್ನು ಅನುಸರಿಸುವ ಸ್ಮಾರ್ತರದು, ಇನ್ನೊಬ್ಬರ ಮನೆ ಮಧ್ವಾಚಾರ್ಯರನ್ನು ಅನುಸರಿಸುವ ಮಾಧ್ವರದು ಎಂದಿದ್ದರೆ ಮೊದಲ ಸುತ್ತಿನಲ್ಲಿ ಭಾಷ್ಯಗಳನ್ನು ಮುಟ್ಟಬೇಡಿ, ಶ್ಲೋಕಾರ್ಥವಷ್ಟೇ ಸಾಕು. ಎರಡನೇ ಸುತ್ತಿನಲ್ಲಿ ಹೆಂಡತಿಯ ಮನೆತನದ ಭಾಷ್ಯವನ್ನು ಗಂಡ, ಗಂಡನದನ್ನು ಹೆಂಡತಿ ಓದಿ ಹೇಳಲಿ.